ವರ್ಚುವಲ್ ಓವರ್‌ಲೇ ಜಾಲಗಳಲ್ಲಿ ಟನಲ್ ಕೀ ಹಂಚಿಕೆಯ ದೋಷಗಳು: ಪತ್ತೆ ಮತ್ತು ನಿವಾರಣೆ

ಒಂದೇ ಹೋಸ್ಟಿನಲ್ಲಿ, ಅಂದರೆ ಒಂದೇ ಭೌತಿಕ ಸರ್ವರಿನಲ್ಲಿ, ಇರುವ ಎರಡು ವರ್ಚುವಲ್ ಯಂತ್ರಗಳ ನಡುವೆ ಸಂಪರ್ಕ ಸರಾಗವಾಗಿರುತ್ತದೆ. ಅವುಗಳಲ್ಲಿ ಒಂದನ್ನು ಬೇರೊಂದು ಹೋಸ್ಟಿಗೆ ಸ್ಥಳಾಂತರಿಸಿದ ಕೂಡಲೇ ಅದು ಕಡಿದುಹೋಗುತ್ತದೆ. ಹೋಸ್ಟ್‌ನಿಂದ ಹೋಸ್ಟ್‌ಗೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಟನಲ್ ಪೋರ್ಟು ಚಾಲ್ತಿಯಲ್ಲಿರುವುದಾಗಿಯೇ ತೋರುತ್ತದೆ, ಲಾಗ್‌ನಲ್ಲಿ ಒಂದು ಸಾಲಿನ ದೂರೂ ಇರುವುದಿಲ್ಲ. ಹೋಸ್ಟುಗಳ ನಡುವಿನ ಟನಲ್ಲಿನಲ್ಲಿ ಸಾಗುವ ಪ್ಯಾಕೆಟ್ ಯಾವ ವರ್ಚುವಲ್ ಜಾಲದ್ದೆಂದು ತಿಳಿಸುವ ಸಂಖ್ಯೆ, ಅಂದರೆ ಟನಲ್ ಕೀ, ತಪ್ಪಾಗಿ ಹಂಚಿಕೆಯಾದಾಗ ಹೊರಗೆ ಕಾಣುವುದು ಬಹುಮಟ್ಟಿಗೆ ಇಷ್ಟೇ. ತೊಂದರೆಯೆಂದರೆ ಫೈರ್‌ವಾಲ್ ನಿಯಮ, ಎಂಟಿಯು (ಒಂದು ಪ್ಯಾಕೆಟ್ಟಿಗೆ ಅನುಮತಿಸಿದ ಗರಿಷ್ಠ ಗಾತ್ರ) ಕೊರತೆ, ತಪ್ಪು ಯುಡಿಪಿ ಪೋರ್ಟ್ ಇವೂ ಇದೇ ಲಕ್ಷಣವನ್ನು ತೋರಬಲ್ಲವು. ಆದ್ದರಿಂದ ಕೀಯನ್ನು ಬದಲಿಸಲು ಹೊರಡುವ ಮೊದಲು, ದೋಷ ಕೀಯಲ್ಲಿಯೇ ಇದೆ ಎಂಬುದನ್ನು ತಂತಿಯ ಮೇಲೆ ಸಾಗುವ ಪ್ಯಾಕೆಟ್ಟಿನಿಂದಲೇ ಖಚಿತಪಡಿಸಿಕೊಳ್ಳಬೇಕು. ಯೋಜನಾ ಪಟ್ಟಿಯಲ್ಲಿ ಬರೆದಿರುವ ಸಂಖ್ಯೆ, ಡೇಟಾಬೇಸಿನಲ್ಲಿರುವ ಸಂಖ್ಯೆ, ಸ್ವಿಚ್ಚಿನ ಫ್ಲೋಗಳಲ್ಲಿ (ಪ್ಯಾಕೆಟ್ಟನ್ನು ಹೇಗೆ ಸಾಗಿಸಬೇಕೆಂಬ ನಿಯಮಗಳಲ್ಲಿ) ಇರುವ ಸಂಖ್ಯೆ ಮತ್ತು ಪ್ಯಾಕೆಟ್ಟಿನ ಹೆಡರಿನಲ್ಲಿರುವ ಸಂಖ್ಯೆ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಇವುಗಳ ಪೈಕಿ ಕೊನೆಯದಕ್ಕೆ ಮಾತ್ರ ಸಾಕ್ಷ್ಯದ ಬೆಲೆಯಿದೆ.

ಕೀ ಎಲ್ಲಿ ಕುಳಿತಿರುತ್ತದೆ

ಹಲವು ತಾರ್ಕಿಕ ಜಾಲಗಳು ಒಂದೇ ಭೌತಿಕ ಜಾಲದ ಮೇಲೆ ಸಾಗುವಾಗ, ಬಂದಿಳಿದ ಪ್ಯಾಕೆಟ್ ಯಾವ ತಾರ್ಕಿಕ ಜಾಲಕ್ಕೆ ಸೇರಿದ್ದು ಎಂಬುದನ್ನು ಸ್ವೀಕರಿಸುವ ತುದಿಗೆ ತಿಳಿಸುವುದು ಟನಲ್ ಕೀ. ಅದರ ಅಗಲ ಪ್ರೋಟೋಕಾಲಿನಿಂದ ಪ್ರೋಟೋಕಾಲಿಗೆ ಬೇರೆಯಾಗಿರುತ್ತದೆ. 2014ರಲ್ಲಿ ಆರ್‌ಎಫ್‌ಸಿ 7348 ಆಗಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಮತ್ತು 2020ರಲ್ಲಿ ಆರ್‌ಎಫ್‌ಸಿ 8926 ಆಗಿ ಪ್ರಕಟವಾದ ಜಿನೀವ್ ಎರಡರಲ್ಲೂ ಅದು 24 ಬಿಟ್‌ಗಳ ವಿಎನ್‌ಐ, ಅಂದರೆ ಜಾಲದ ಗುರುತಿನ ಸಂಖ್ಯೆ. ಇನ್ನೊಂದು ಟನಲ್ ಪ್ರೋಟೋಕಾಲಾದ ಜಿಆರ್‌ಇಯ ಐಚ್ಛಿಕ ಕೀ ಕ್ಷೇತ್ರ 32 ಬಿಟ್‌ಗಳದ್ದು. ಎನ್‌ವಿಜಿಆರ್‌ಇ ಅದೇ 32 ಬಿಟ್‌ಗಳನ್ನು ಒಡೆದು, ಮೇಲಿನ 24ನ್ನು ಜಾಲದ ಗುರುತಿಗೂ ಕೆಳಗಿನ 8ನ್ನು ಫ್ಲೋ ಗುರುತಿಗೂ ಬಳಸುತ್ತದೆ. ಈ ಕೀಗೆ ಭದ್ರತೆಯ ಹೊಣೆ ಇಲ್ಲವೆಂಬುದನ್ನೂ ನೆನಪಿಡಬೇಕು: ಸರಿಯಾದ ಸಂಖ್ಯೆಯನ್ನು ಹೆಡರಿನಲ್ಲಿ ಹಾಕಿ ಕಳುಹಿಸಿದವರ ಪ್ಯಾಕೆಟ್ಟನ್ನು, ಮೂಲ ವಿಳಾಸದ ಬೇರೆ ತಪಾಸಣೆ ಇಲ್ಲದಿದ್ದಲ್ಲಿ, ಎದುರು ತುದಿ ಒಪ್ಪಿಕೊಳ್ಳುತ್ತದೆ.

ಮೊದಲ ಜರಡಿ

ವರ್ಚುವಲ್ ಯಂತ್ರಗಳ ನಡುವೆ ಸಣ್ಣ ಪಿಂಗ್ ದಾಟುತ್ತಿದ್ದು, ದೊಡ್ಡ ಫೈಲಿನ ವರ್ಗಾವಣೆ ಅಥವಾ ಟಿಎಲ್‌ಎಸ್ ಸಂಧಾನ ಮಾತ್ರ ಅರ್ಧಕ್ಕೆ ನಿಲ್ಲುತ್ತಿದ್ದರೆ ಕೀಯನ್ನು ಅನುಮಾನಿಸುವ ಅಗತ್ಯವಿಲ್ಲ. ತಪ್ಪು ಕೀ ಪ್ಯಾಕೆಟ್ಟಿನ ಗಾತ್ರವನ್ನು ನೋಡುವುದಿಲ್ಲ. ಅದು ಸಣ್ಣದನ್ನೂ ಬಿಡುವುದಿಲ್ಲ, ದೊಡ್ಡದನ್ನೂ ಬಿಡುವುದಿಲ್ಲ. ಐಪಿವಿ4 ಮೇಲೆ ವಿಎಕ್ಸ್‌ಲ್ಯಾನ್ 50 ಬೈಟ್‌ಗಳನ್ನೂ, ಓವಿಎನ್ (ಓಪನ್ ವಿಸ್ವಿಚ್ ಎಂಬ ತಂತ್ರಾಂಶ ಸ್ವಿಚ್ಚಿನ ಮೇಲೆ ವರ್ಚುವಲ್ ಜಾಲಗಳನ್ನು ಕಟ್ಟುವ ವ್ಯವಸ್ಥೆ) ಬಳಸುವ ಆಯ್ಕೆಯೊಂದಿಗೆ, ಅಂದರೆ ಹೆಡರಿನ ಹೆಚ್ಚುವರಿ ಕ್ಷೇತ್ರದೊಂದಿಗೆ, ಜಿನೀವ್ 58 ಬೈಟ್‌ಗಳನ್ನೂ ಹೆಚ್ಚುವರಿಯಾಗಿ ಹೇರುತ್ತವೆ. ವಿಎಕ್ಸ್‌ಲ್ಯಾನ್‌ಗೆಂದು ಲೆಕ್ಕ ಹಾಕಿ 1450ಕ್ಕೆ ಇರಿಸಿದ ಒಳಗಿನ ಎಂಟಿಯುವನ್ನು ಜಿನೀವ್‌ಗೆ ಬದಲಾದ ಮೇಲೂ ಹಾಗೆಯೇ ಉಳಿಸಿಕೊಂಡಿರುವುದು ಇಂಥ ಪ್ರಕರಣಗಳಲ್ಲಿ ಮೇಲಿಂದ ಮೇಲೆ ಕಾಣಸಿಗುವ ಕಾರಣ.

ಎರಡನೆಯ ಜರಡಿ ಇನ್ನೂ ಉಪಯುಕ್ತವಾದುದು, ಆದರೂ ಕಡಿಮೆ ಜನ ಬಳಸುವಂಥದ್ದು: ಎದುರು ಹೋಸ್ಟಿನಿಂದ ಐಸಿಎಂಪಿ ಸಂದೇಶ (ಜಾಲದ ದೋಷವನ್ನು ತಿಳಿಸುವ ಸಂದೇಶ) ಮರಳಿ ಬರುತ್ತಿದೆಯೇ ಎಂದು ನೋಡುವುದು. ವಿಎಕ್ಸ್‌ಲ್ಯಾನ್‌ಗೆ ನಿಗದಿಯಾದ ಯುಡಿಪಿ ಪೋರ್ಟ್ 4789 ಆಗಿದ್ದರೂ, ಲಿನಕ್ಸ್ ಕರ್ನಲ್ಲಿನ ಹಳೆಯ ಪೂರ್ವನಿಯೋಜಿತ ಮೌಲ್ಯ 8472. ಒಂದು ತುದಿ 4789ಕ್ಕೆ ಕಳುಹಿಸಿ, ಇನ್ನೊಂದು ತುದಿ 8472ರಲ್ಲಿ ಕಾಯುತ್ತಿದ್ದರೆ, ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲದ ಕಾರಣ, ನಡುವೆ ಫೈರ್‌ವಾಲ್ ಅಡ್ಡ ಬರದಿದ್ದಲ್ಲಿ, "ಪೋರ್ಟ್ ತಲುಪಲಾಗದು" ಎಂಬ ಐಸಿಎಂಪಿ ಸಂದೇಶ ಹಿಂದಿರುಗುತ್ತದೆ. ಪೋರ್ಟ್ ಸರಿಯಿದ್ದು ವಿಎನ್‌ಐ ಮಾತ್ರ ತಪ್ಪಾಗಿದ್ದರೆ ಹಾಗಾಗುವುದಿಲ್ಲ: ಯುಡಿಪಿ ಸಾಕೆಟ್ ಪ್ಯಾಕೆಟ್ಟನ್ನು ಸ್ವೀಕರಿಸುತ್ತದೆ, ಆ ವಿಎನ್‌ಐಗೆ ಸಾಧನ ಸಿಗದ ಕಾರಣ ಕರ್ನಲ್ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ, ಕಳುಹಿಸಿದವರಿಗೆ ಯಾವ ಸುಳಿವೂ ಸಿಗುವುದಿಲ್ಲ. ಜಿಆರ್‌ಇಯಲ್ಲಿ ನಡತೆ ಇದಕ್ಕಿಂತ ಬೇರೆ. ಕೀ ಹೊಂದುವ ಟನಲ್ ಸಿಗದಿದ್ದರೆ ಲಿನಕ್ಸ್ ಅಲ್ಲಿಯೂ ಐಸಿಎಂಪಿ ಮೂಲಕವೇ ನಿರಾಕರಿಸುತ್ತದೆ. ಹೀಗಾಗಿ ವಿಎಕ್ಸ್‌ಲ್ಯಾನ್‌ನಲ್ಲಿ ಮೌನವಿದ್ದರೆ ಕೀಯತ್ತ, ಐಸಿಎಂಪಿ ಬಂದರೆ ಪೋರ್ಟಿನತ್ತ ತಿರುಗಬೇಕು. ಜಿಆರ್‌ಇಯಲ್ಲಿ ಐಸಿಎಂಪಿಯೇ ಕೀಯ ಸುಳಿವು.

ತಂತಿಯ ಮೇಲಿನ ಬೈಟ್‌ಗಳನ್ನು ಓದುವುದು

ಸ್ವೀಕರಿಸುವ ಹೋಸ್ಟಿನ ಭೌತಿಕ ಇಂಟರ್‌ಫೇಸಿನಲ್ಲಿ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಚಲಾಯಿಸಿ, ಹದಿನಾರರ ಪದ್ಧತಿಯಲ್ಲಿ ಬೈಟ್‌ಗಳನ್ನು ಮುದ್ರಿಸಲು ಹೇಳಿ, ಕಳುಹಿಸುವ ಕಡೆಯಿಂದ ಒಂದು ಪಿಂಗ್ ಹೊರಡಿಸಿ. ವಿಎನ್‌ಐ 5001 ಆಗಿರುವ ಜಾಲದಲ್ಲಿ ಯುಡಿಪಿ ಹೆಡರಿನ ಬಳಿಕ ಸಿಗುವ ಎಂಟು ಬೈಟ್‌ಗಳು ಹೀಗಿರಬೇಕು: 08 00 00 00 00 13 89 00. ಮೊದಲ ಬೈಟಿನ 08 ಎಂಬುದು ವಿಎನ್‌ಐ ಸಿಂಧುವಾಗಿದೆ ಎನ್ನುವ ಗುರುತು, ಮುಂದಿನ ಮೂರು ಬೈಟ್‌ಗಳು ಕಾಯ್ದಿರಿಸಿದವು, ನಂತರದ 00 13 89 ಎಂಬುದೇ ಕೀ, ಕೊನೆಯ ಬೈಟ್ ಮತ್ತೆ ಕಾಯ್ದಿರಿಸಿದ್ದು. ಹದಿನಾರರ ಪದ್ಧತಿಯ 1389 ಎಂದರೆ ದಶಮಾನದಲ್ಲಿ 5001.

ಇಲ್ಲಿ ಸಂಖ್ಯಾ ಪದ್ಧತಿಯ ಗೊಂದಲ ನಾವಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತನ್ನು ನುಂಗುತ್ತದೆ. ಟಿಸಿಪಿಡಂಪ್ ವಿಎಕ್ಸ್‌ಲ್ಯಾನ್‌ನ ವಿಎನ್‌ಐಯನ್ನು ದಶಮಾನದಲ್ಲಿಯೂ ಜಿನೀವ್‌ನ ವಿಎನ್‌ಐಯನ್ನು ಹದಿನಾರರ ಪದ್ಧತಿಯಲ್ಲಿಯೂ ಮುದ್ರಿಸುತ್ತದೆ. ಓಪನ್ ವಿಸ್ವಿಚ್ಚಿನ ಫ್ಲೋ ಪಟ್ಟಿಯಲ್ಲಿ ಟನಲ್ ಗುರುತು ಹದಿನಾರರ ಪದ್ಧತಿಯಲ್ಲಿರುತ್ತದೆ. ಲಿನಕ್ಸ್‌ನ ಐಪಿ ಆಜ್ಞೆ ಜಿಆರ್‌ಇ ಕೀಯನ್ನು ಐಪಿ ವಿಳಾಸದ ರೂಪದಲ್ಲಿ ತೋರಿಸುವುದರಿಂದ, 5001 ಎಂದು ಕೊಟ್ಟ ಕೀ 0.0.19.137 ಎಂದು ಕಾಣುತ್ತದೆ. ಇವೆಲ್ಲವೂ ಒಂದೇ ಸಂಖ್ಯೆ. ಹೋಲಿಸುವ ಮುನ್ನ ಎಲ್ಲವನ್ನೂ ದಶಮಾನಕ್ಕೆ ತಂದುಕೊಳ್ಳುವುದು ಒಳಿತು.

ತಂತಿಯ ಮೇಲೆ 5001ರ ಬದಲು 1280256 ಅಥವಾ ಅದಕ್ಕಿಂತ ತುಸು ದೊಡ್ಡ ಸಂಖ್ಯೆ ಕಂಡರೆ ಅದು ಯದ್ವಾತದ್ವಾ ಬಂದ ಮೌಲ್ಯವಲ್ಲ. 5001ನ್ನು 256ರಿಂದ ಗುಣಿಸಿದರೆ ಅದೇ ಬರುತ್ತದೆ. ಎಂಟು ಬಿಟ್‌ಗಳಷ್ಟು ಸರಿದಿರುವ ಕೀ ಇದು: ಒಂದು ತುದಿ ಎನ್‌ವಿಜಿಆರ್‌ಇ ಕಳುಹಿಸುತ್ತಿದ್ದು, ಇನ್ನೊಂದು ತುದಿ ಅದನ್ನು ಸಾದಾ ಜಿಆರ್‌ಇ ಎಂದು ಓದುತ್ತಿರಬಹುದು, ಅಥವಾ ಯಾರೋ ಬರೆದ ಸ್ಕ್ರಿಪ್ಟ್ ವಿಎಕ್ಸ್‌ಲ್ಯಾನ್ ಹೆಡರಿನ ಕೊನೆಯ ನಾಲ್ಕು ಬೈಟ್‌ಗಳನ್ನು ಒಟ್ಟಾಗಿ ಒಂದೇ ಸಂಖ್ಯೆ ಎಂದು ಭಾವಿಸಿರಬಹುದು. ಎರಡನೆಯದಾದರೆ ಜಾಲದಲ್ಲಿ ದೋಷವಿಲ್ಲ, ಓದುವ ಸ್ಕ್ರಿಪ್ಟಿನಲ್ಲಿದೆ.

ಲಿನಕ್ಸ್ ಸಾಧನಗಳಲ್ಲಿ ಅಡಗಿರುವ ಕೀ

ಲಿನಕ್ಸ್ ಬ್ರಿಡ್ಜ್ ಮತ್ತು ವಿಎಕ್ಸ್‌ಲ್ಯಾನ್ ಸಾಧನವನ್ನು ಕೈಯಾರೆ ಕಟ್ಟಿರುವ ಕಡೆ, ಸಾಧನದ ವಿವರವಾದ ಮಾಹಿತಿಯಲ್ಲಿ ವಿಎನ್‌ಐ ಸರಿಯಿದೆ ಎಂದು ಕಂಡ ಮೇಲೂ ನಿಲ್ಲಬಾರದು. ಫಾರ್ವರ್ಡಿಂಗ್ ಕೋಷ್ಟಕದ, ಅಂದರೆ ಎಫ್‌ಡಿಬಿಯ, ಪ್ರತಿಯೊಂದು ನಮೂದೂ ತನ್ನದೇ ಆದ ವಿಎನ್‌ಐಯನ್ನು ಹೊಂದಿರಬಹುದು, ಮತ್ತು ಹಾಗಿದ್ದಲ್ಲಿ ಆ ಮ್ಯಾಕ್ ವಿಳಾಸದತ್ತ ಹೊರಡುವ ಪ್ಯಾಕೆಟ್ಟಿಗೆ ಸಾಧನದ ಕೀ ಬದಲು ನಮೂದಿನ ಕೀ ಅಂಟಿಕೊಳ್ಳುತ್ತದೆ. ಐಪಿ ವಿಳಾಸಕ್ಕೆ ಸೇರಿದ ಮ್ಯಾಕ್ ವಿಳಾಸವನ್ನು ಕೇಳುವ ಎಆರ್‌ಪಿ ಪ್ರಸಾರವು ಸೊನ್ನೆಗಳಷ್ಟೇ ಇರುವ ಮ್ಯಾಕ್ ವಿಳಾಸದ ಪೂರ್ವನಿಯೋಜಿತ ನಮೂದಿನ ಮೂಲಕ ಸರಿಯಾದ ಕೀಯೊಂದಿಗೆ ಹೋಗಿ, ಅದಕ್ಕೆ ಉತ್ತರವೂ ಬಂದು, ಆಮೇಲಿನ ಏಕಪ್ರಸಾರದ ಪ್ಯಾಕೆಟ್ಟುಗಳು ಮಾತ್ರ ಕಾಣೆಯಾಗುತ್ತಿದ್ದರೆ ಬ್ರಿಡ್ಜ್ ಆಜ್ಞೆಯಿಂದ ಎಫ್‌ಡಿಬಿಯನ್ನು ಸಾಲುಸಾಲಾಗಿ ಓದಬೇಕು.

ಜಿಆರ್‌ಇಯಲ್ಲಿ ಒಳಬರುವ ಕೀ ಮತ್ತು ಹೊರಹೋಗುವ ಕೀಯನ್ನು ಪ್ರತ್ಯೇಕವಾಗಿ ಇಡಲು ಅವಕಾಶವಿರುವುದರಿಂದ, ಒಂದೇ ದಿಕ್ಕಿನಲ್ಲಿ ಸಂಚಾರ ನಡೆಯುವ ದೋಷಗಳು ಇಲ್ಲಿ ಹೆಚ್ಚು. ಅದಕ್ಕಿಂತ ಸೂಕ್ಷ್ಮವಾದದ್ದು ಸೊನ್ನೆಯ ಪ್ರಶ್ನೆ. ಕೀ ಕ್ಷೇತ್ರವೇ ಇಲ್ಲದ ಜಿಆರ್‌ಇ ಪ್ಯಾಕೆಟ್ ಮತ್ತು ಕೀ ಸೊನ್ನೆಯಾಗಿರುವ ಪ್ಯಾಕೆಟ್ ಲಿನಕ್ಸ್ ಕರ್ನಲ್ಲಿನ ಕಣ್ಣಿಗೆ ಬೇರೆಬೇರೆ. ಎರಡನೆಯದರ ಹೆಡರ್ ನಾಲ್ಕು ಬೈಟ್‌ಗಳಷ್ಟು ಹೆಚ್ಚು ಉದ್ದವೂ ಹೌದು. ಓಪನ್ ವಿಸ್ವಿಚ್ಚಿನಲ್ಲಾದರೆ ಒಳಬರುವ ಕೀಯನ್ನು ಸೊನ್ನೆ ಎಂದು ಕೊಟ್ಟರೂ ಒಂದೇ, ಕೊಡದೆ ಬಿಟ್ಟರೂ ಒಂದೇ, ಅದು ಎರಡು ಬಗೆಯ ಪ್ಯಾಕೆಟ್ಟುಗಳನ್ನೂ ಸ್ವೀಕರಿಸುತ್ತದೆ. ಒಂದು ತುದಿಯಲ್ಲಿ ಓಪನ್ ವಿಸ್ವಿಚ್, ಇನ್ನೊಂದರಲ್ಲಿ ಕರ್ನಲ್ಲಿನ ಜಿಆರ್‌ಇ ಸಾಧನ ಇರುವ ಜೋಡಣೆಯಲ್ಲಿ ಈ ಉದಾರತೆಯೇ ಗೊಂದಲಕ್ಕೆ ದಾರಿಯಾಗುತ್ತದೆ. ಸೊನ್ನೆಯನ್ನು ಕೀಯಾಗಿ ಬಳಸದಿರುವುದೇ ಲೇಸು.

ಓಪನ್ ವಿಸ್ವಿಚ್ ಬಳಸುವ ಹೋಸ್ಟಿನಲ್ಲಿ ಕರ್ನಲ್ಲಿನ ಟನಲ್ ಸಾಧನದ ವಿವರ ತೆಗೆದು "ಇಲ್ಲಿ ಕೀಯೇ ಇಲ್ಲ" ಎಂದು ಗಾಬರಿಯಾಗುವುದುಂಟು. ಆ ಸಾಧನ ಕೀಯನ್ನು ಹೊರಗಿನಿಂದ, ಪ್ರತಿ ಫ್ಲೋಗೆ ಪ್ರತ್ಯೇಕವಾಗಿ ಪಡೆಯುವ ವಿಧಾನದಲ್ಲಿರುವುದರಿಂದ ಅಲ್ಲಿ ಕೀ ಕಾಣದಿರುವುದು ಸಹಜ. ಹಾಗೆಯೇ, ಕ್ಲೌಡ್ ತಂತ್ರಾಂಶವಾದ ಓಪನ್‌ಸ್ಟ್ಯಾಕ್‌ನ ಓಪನ್ ವಿಸ್ವಿಚ್ ಏಜೆಂಟ್ ಟನಲ್ ಕೀಯನ್ನು ಪ್ರತಿ ಹೋಸ್ಟಿನಲ್ಲೂ ಸ್ಥಳೀಯ ವಿಎಲ್ಯಾನ್ ಸಂಖ್ಯೆಗೆ ಬದಲಾಯಿಸಿಕೊಳ್ಳುತ್ತದೆ. ಒಂದೇ ಜಾಲಕ್ಕೆ ಒಂದು ಹೋಸ್ಟಿನಲ್ಲಿ 3, ಮತ್ತೊಂದರಲ್ಲಿ 7 ಎಂದಿದ್ದರೆ ಅದನ್ನು "ಸರಿಪಡಿಸಲು" ಹೋಗಬಾರದು. ಆ ಸಂಖ್ಯೆ ಹೋಸ್ಟಿನ ಹೊಸ್ತಿಲನ್ನು ದಾಟುವುದೇ ಇಲ್ಲ.

ಓವಿಎನ್: ಎರಡು ಹಂತದ ಕೀ

ಓವಿಎನ್‌ನಲ್ಲಿ ಕೀ ಒಂದಲ್ಲ. ಪ್ರತಿ ತಾರ್ಕಿಕ ಸ್ವಿಚ್ ಅಥವಾ ರೂಟರಿಗೆ 24 ಬಿಟ್‌ಗಳ ಡೇಟಾಪಾತ್ ಕೀ ಇರುತ್ತದೆ. ಆ ಡೇಟಾಪಾತ್‌ನೊಳಗಿನ ಪ್ರತಿ ಪೋರ್ಟಿಗೂ 1ರಿಂದ 32767ರವರೆಗಿನ ಪೋರ್ಟ್ ಕೀ ಇರುತ್ತದೆ. 32768ರಿಂದ 65535ರವರೆಗಿನ ಮೌಲ್ಯಗಳು ಬಹುಪ್ರಸಾರ ಗುಂಪುಗಳಿಗೆ ಮೀಸಲು. ಡೇಟಾಪಾತ್ ಕೀ ಜಿನೀವ್‌ನ ವಿಎನ್‌ಐಯಲ್ಲಿ ಸಾಗುತ್ತದೆ, ಒಳಬರುವ ಮತ್ತು ಹೊರಹೋಗುವ ಪೋರ್ಟ್ ಕೀಗಳು ಜಿನೀವ್ ಆಯ್ಕೆಯೊಂದರಲ್ಲಿ ಸಾಗುತ್ತವೆ. ಇದನ್ನು ಬೈಟ್‌ಗಳಲ್ಲಿ ನೋಡಿದರೆ ಎಲ್ಲವೂ ಸ್ಪಷ್ಟವಾಗುತ್ತದೆ: 02 40 65 58 00 00 05 00 01 02 80 01 00 01 00 02. ಮೊದಲ 02 ಎಂದರೆ ಆಯ್ಕೆಗಳ ಉದ್ದ ನಾಲ್ಕು ಬೈಟ್‌ಗಳ ಎರಡು ಪದಗಳು. 40 ಎಂದರೆ ನಿರ್ಲಕ್ಷಿಸಬಾರದ ಆಯ್ಕೆ ಇದೆ ಎಂಬ ಸೂಚನೆ. 65 58 ಎಂದರೆ ಒಳಗಿರುವುದು ಈಥರ್ನೆಟ್ ಫ್ರೇಮ್. 00 00 05 ಎಂಬುದು ಡೇಟಾಪಾತ್ ಕೀ. 01 02 ಎಂಬುದು ಓವಿಎನ್‌ಗೆ ಸೇರಿದ ಆಯ್ಕೆಯ ವರ್ಗ, 80 ಅದರ ಬಗೆ, 01 ಅದರ ದತ್ತಾಂಶದ ಉದ್ದ. ಕೊನೆಯ ನಾಲ್ಕು ಬೈಟ್‌ಗಳ ಪ್ರಕಾರ ಪ್ಯಾಕೆಟ್ ಪೋರ್ಟ್ 1ರಿಂದ ಬಂದು ಪೋರ್ಟ್ 2ಕ್ಕೆ ಹೋಗಬೇಕು. ಕೊನೆಯ ಜೋಡಿ 80 00 ಎಂದಿದ್ದರೆ ಅದು 32768, ಅಂದರೆ ಆ ಸ್ವಿಚ್ಚಿನ ಎಲ್ಲ ಪೋರ್ಟುಗಳಿಗೂ ಹರಡುವ ಗುಂಪು.

ಈ ಸಾಲನ್ನು ಹಿಡಿದ ಮೇಲೆ, ಹೋಸ್ಟುಗಳು ಓದುವ ಓವಿಎನ್‌ನ ಸೌತ್‌ಬೌಂಡ್ ಡೇಟಾಬೇಸಿನ ಡೇಟಾಪಾತ್ ಬೈಂಡಿಂಗ್ ಮತ್ತು ಪೋರ್ಟ್ ಬೈಂಡಿಂಗ್ ಕೋಷ್ಟಕಗಳ ಟನಲ್ ಕೀ ಕಾಲಮ್ಮಿನೊಂದಿಗೆ ಹೋಲಿಸಿ. ತಂತಿಯ ಮೇಲಿನ ಕೀ ಡೇಟಾಬೇಸಿನೊಂದಿಗೆ ಹೊಂದದಿದ್ದರೆ ಕಳುಹಿಸುವ ಹೋಸ್ಟಿನ ಓವಿಎನ್ ಕಂಟ್ರೋಲರ್ ಹಳೆಯ ಸ್ಥಿತಿಯಲ್ಲಿಯೇ ಉಳಿದಿದೆ ಅಥವಾ ಬೇರೆ ಡೇಟಾಬೇಸಿಗೆ ಜೋಡಿಸಿಕೊಂಡಿದೆ. ಹೊಂದಿದ್ದೂ ಪ್ಯಾಕೆಟ್ ತಲುಪದಿದ್ದರೆ ಸ್ವೀಕರಿಸುವ ಹೋಸ್ಟಿನ ಏಕೀಕರಣ ಬ್ರಿಡ್ಜ್‌ನ (ವರ್ಚುವಲ್ ಯಂತ್ರಗಳು ಜೋಡಿಸಿಕೊಂಡಿರುವ ಓಪನ್ ವಿಸ್ವಿಚ್ಚಿನ) ಕೋಷ್ಟಕ 0ಯಲ್ಲಿ ಆ ಟನಲ್ ಪೋರ್ಟಿನಿಂದ ಒಳಬರುವ ಪ್ಯಾಕೆಟ್ಟುಗಳಿಗೆ ಫ್ಲೋ ಇದೆಯೇ, ಪ್ಯಾಕೆಟ್ ಎಣಿಕೆ ಏರುತ್ತಿದೆಯೇ ಎಂದು ನೋಡಬೇಕು. ಅಲ್ಲಿಂದ ಮುಂದೆ ಡೇಟಾಪಾತ್ ಕೀ ಮೆಟಾಡೇಟಾ ಕ್ಷೇತ್ರಕ್ಕೂ, ಒಳಬರುವ ಪೋರ್ಟ್ ಕೀ ರಿಜಿಸ್ಟರ್ 14ಕ್ಕೂ, ಹೊರಹೋಗುವ ಪೋರ್ಟ್ ಕೀ ರಿಜಿಸ್ಟರ್ 15ಕ್ಕೂ ವರ್ಗವಾಗಿರುತ್ತದೆ. ಆಯ್ಕೆಯನ್ನು ಓದಲು ಬೇಕಾದ ಟಿಎಲ್‌ವಿ ನಕ್ಷೆ (ಆಯ್ಕೆಯನ್ನು ಸ್ವಿಚ್ಚಿನ ಕ್ಷೇತ್ರಕ್ಕೆ ಹೊಂದಿಸುವ ಪಟ್ಟಿ) ಬ್ರಿಡ್ಜ್‌ನಲ್ಲಿ ಇಲ್ಲದಿದ್ದರೆ ವಿಎನ್‌ಐ ಸರಿಯಿದ್ದೂ ಹೊಂದಿಕೆ ವಿಫಲವಾಗುತ್ತದೆ.

ಕೀಯನ್ನು ಯಾರೂ ಕೇಳದಿದ್ದರೆ ಓವಿಎನ್‌ನ ಕೇಂದ್ರ ಪ್ರಕ್ರಿಯೆಯಾದ ನಾರ್ತ್‌ಡಿ ತಾನೇ ಖಾಲಿಯಿರುವ ಒಂದನ್ನು ಆರಿಸುತ್ತದೆ. ನಿರ್ದಿಷ್ಟ ಸಂಖ್ಯೆ ಬೇಕಿದ್ದಲ್ಲಿ ತಾರ್ಕಿಕ ಸ್ವಿಚ್, ರೂಟರ್ ಅಥವಾ ಪೋರ್ಟಿನ ಮೇಲೆ ಟನಲ್ ಕೀ ಕೋರಿಕೆಯನ್ನು ಬರೆಯಬಹುದು. ಅದು ಕೋರಿಕೆ ಮಾತ್ರ ಎಂಬುದನ್ನು ಮರೆತಾಗ ತೊಂದರೆ ಶುರುವಾಗುತ್ತದೆ. ಸ್ವಿಚ್ಚುಗಳಿಗೂ ರೂಟರುಗಳಿಗೂ ಡೇಟಾಪಾತ್ ಕೀಗಳ ಅವಕಾಶ ಒಂದೇ. ಸ್ವಿಚ್ಚೊಂದಕ್ಕೆ 200 ಕೇಳಿ, ಬೇರೆ ಪಟ್ಟಿಯಿಂದ ಸಂಖ್ಯೆ ತೆಗೆದ ಸಹೋದ್ಯೋಗಿ ರೂಟರೊಂದಕ್ಕೂ 200 ಕೇಳಿದರೆ, ಒಂದಕ್ಕೆ ಮಾತ್ರ ಅದು ಸಿಗುತ್ತದೆ, ಇನ್ನೊಂದಕ್ಕೆ ನಾರ್ತ್‌ಡಿ ಲಾಗ್‌ನಲ್ಲಿ ಎಚ್ಚರಿಕೆ ಬರೆದು ಬೇರೆ ಸಂಖ್ಯೆ ಕೊಡುತ್ತದೆ. ಓವಿಎನ್ ಒಳಗೆ ಸಂಚಾರ ಎಂದಿನಂತೆ ನಡೆಯುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ; ಆ ಸಂಖ್ಯೆಯನ್ನು ನಂಬಿ ಹೊಂದಿಸಿದ ಹೊರಗಿನ ಗೇಟ್‌ವೇ ಮಾತ್ರ ಕಿವುಡಾಗುತ್ತದೆ. ಹಲವು ಓವಿಎನ್ ವಲಯಗಳನ್ನು ಬೆಸೆಯುವ ಟ್ರಾನ್ಸಿಟ್ ಸ್ವಿಚ್ಚುಗಳಿಗೆಂದು 24 ಬಿಟ್‌ಗಳ ವ್ಯಾಪ್ತಿಯ ತುದಿಯ 65535 ಮೌಲ್ಯಗಳನ್ನು, ಎಂದರೆ 16711681ರಿಂದ 16777215ರವರೆಗೆ, ತೆಗೆದಿರಿಸಲಾಗಿದೆ. ಕೈಯಾರೆ ಕೇಳುವ ಕೀಗಳನ್ನು ಆ ಭಾಗದಿಂದ ದೂರವಿಡಬೇಕು.

ಕೀಗಳು ಮುಗಿದುಹೋದಾಗ

ಹಳೆಯ ಜಾಲಗಳೆಲ್ಲ ಸರಿಯಿದ್ದು ಹೊಸದಾಗಿ ಸೃಷ್ಟಿಸಿದವು ಮಾತ್ರ ಜೀವ ತಳೆಯದಿದ್ದರೆ ಕೀಗಳ ಕೊರತೆಯನ್ನು ಪರಿಶೀಲಿಸಬೇಕು. 24 ಬಿಟ್‌ಗಳೆಂದರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ಕೀಗಳು, ಅವು ಮುಗಿಯುವುದುಂಟೇ ಎಂಬ ಪ್ರಶ್ನೆ ಸಹಜ. ಆದರೆ ಓವಿಎನ್ ಹೋಸ್ಟುಗಳ ನಡುವೆ ಜಿನೀವ್ ಬದಲು ವಿಎಕ್ಸ್‌ಲ್ಯಾನ್ ಬಳಸಿದರೆ, ಪೋರ್ಟ್ ಕೀಯನ್ನು ಒಯ್ಯಲು ಆಯ್ಕೆಗಳಿಲ್ಲದ ಕಾರಣ ಆ 24 ಬಿಟ್‌ಗಳೇ 12 ಮತ್ತು 12 ಆಗಿ ಪಾಲಾಗುತ್ತವೆ. ಜಾಲಗಳ ಗರಿಷ್ಠ ಸಂಖ್ಯೆ 4096ಕ್ಕೆ, ಪ್ರತಿ ಜಾಲದ ಪೋರ್ಟುಗಳು 2048ಕ್ಕೆ ಇಳಿಯುತ್ತವೆ. ಒಳಬರುವ ಪೋರ್ಟಿನ ಗುರುತನ್ನು ಅವಲಂಬಿಸಿದ ಪ್ರವೇಶ ನಿಯಮಗಳೂ ವಲಯಗಳ ನಡುವಿನ ಬೆಸುಗೆಯೂ ಕೈತಪ್ಪುತ್ತವೆ. ಈ ಮಿತಿಯನ್ನು ತಿಳಿಯದೆ ವಿಎಕ್ಸ್‌ಲ್ಯಾನ್ ಆರಿಸಿಕೊಳ್ಳುವುದು ನನ್ನ ಮಟ್ಟಿಗೆ ವಿನ್ಯಾಸದ ತಪ್ಪು, ಚಾಲನೆಯ ತಪ್ಪಲ್ಲ. ಹಳೆಯ ಸ್ವಿಚ್ ಯಂತ್ರಾಂಶ ಜಿನೀವ್ ಅನ್ನು ಅರಿಯದು ಎಂಬ ಕಾರಣವಿಲ್ಲದಿದ್ದರೆ ಜಿನೀವ್‌ನಲ್ಲಿಯೇ ಉಳಿಯಬೇಕು. ಕೀಗಳು ಮುಗಿದಾಗ ನಾರ್ತ್‌ಡಿ ಲಾಗ್‌ನಲ್ಲಿ ಟನಲ್ ಗುರುತುಗಳು ತೀರಿದವೆಂಬ ಎಚ್ಚರಿಕೆ ಬರುತ್ತದೆ, ಹೊಸ ಜಾಲಕ್ಕೆ ಸೌತ್‌ಬೌಂಡ್ ಡೇಟಾಬೇಸಿನಲ್ಲಿ ಸಾಲೇ ಮೂಡುವುದಿಲ್ಲ.

ಇವಿಪಿಎನ್ ಇರುವಲ್ಲಿ

ಬಿಜಿಪಿ ಇವಿಪಿಎನ್ (ಓವರ್‌ಲೇ ಜಾಲದ ವಿಳಾಸಗಳನ್ನು ಬಿಜಿಪಿ ಮಾರ್ಗ ಪ್ರೋಟೋಕಾಲಿನಿಂದ ಹಂಚುವ ವಿಧಾನ) ಮೂಲಕ ವಿಎನ್‌ಐ ಹರಡುವ ಜಾಲಗಳಲ್ಲಿ ಎರಡು ಸಂಗತಿಗಳು ದಾರಿ ತಪ್ಪಿಸುತ್ತವೆ. ವಿಎನ್‌ಐ ಇಲ್ಲಿ ಎಂಪಿಎಲ್‌ಎಸ್ ಲೇಬಲ್ಲಿನ 24 ಬಿಟ್‌ಗಳ ಜಾಗದಲ್ಲಿ ಕುಳಿತು ಸಾಗುತ್ತದೆ. ಪ್ಯಾಕೆಟ್ ವಿಶ್ಲೇಷಕ ಅದನ್ನು 20 ಬಿಟ್‌ಗಳ ಲೇಬಲ್ ಎಂದೇ ಓದಿದರೆ 5001ರ ಜಾಗದಲ್ಲಿ 312 ಕಾಣುತ್ತದೆ. ಅದು 16ರಿಂದ ಭಾಗಿಸಿದ ಫಲ, ದೋಷವಲ್ಲ. ಎರಡನೆಯದು ನಿಜವಾದ ದೋಷ: ಸರ್ವರುಗಳನ್ನು ಜೋಡಿಸುವ ಪ್ರತಿ ಲೀಫ್ ಸ್ವಿಚ್ಚಿಗೂ ಬೇರೆ ಎಎಸ್ ಸಂಖ್ಯೆ (ಬಿಜಿಪಿಯಲ್ಲಿನ ಗುರುತು) ಇರುವಾಗ, ಎಎಸ್ ಸಂಖ್ಯೆ ಮತ್ತು ವಿಎನ್‌ಐಯಿಂದ ತಾನಾಗಿ ರೂಪುಗೊಳ್ಳುವ ರೂಟ್ ಟಾರ್ಗೆಟ್‌ಗಳು (ಯಾವ ಮಾರ್ಗವನ್ನು ಆಮದು ಮಾಡಿಕೊಳ್ಳಬೇಕೆಂದು ತಿಳಿಸುವ ಗುರುತುಗಳು) ಪರಸ್ಪರ ಹೊಂದುವುದಿಲ್ಲ. ವಿಎನ್‌ಐ ಎರಡೂ ಕಡೆ ಒಂದೇ ಇದ್ದರೂ ಮಾರ್ಗಗಳು ಆಮದಾಗುವುದಿಲ್ಲ. ಕೀಯನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ರೂಟ್ ಟಾರ್ಗೆಟ್‌ಗಳನ್ನು ಕೈಯಾರೆ ನಿಗದಿಪಡಿಸಬೇಕು. ಒಂದೇ ಸಬ್‌ನೆಟ್‌ನೊಳಗೆ ಸಂಪರ್ಕವಿದ್ದು ಸಬ್‌ನೆಟ್‌ಗಳ ನಡುವೆ ಮಾತ್ರ ಇಲ್ಲವಾದರೆ, ವಿಆರ್‌ಎಫ್‌ಗೆ (ಪ್ರತ್ಯೇಕ ಮಾರ್ಗ ಕೋಷ್ಟಕಕ್ಕೆ) ಕೊಟ್ಟ ಮೂರನೆಯ ಪದರದ ವಿಎನ್‌ಐಯನ್ನು ಹೋಲಿಸಿ.

ಕೀಯನ್ನು ಬದಲಿಸುವಾಗ

ಎರಡು ಜಾಲಗಳಿಗೆ ಒಂದೇ ಕೀ ಬಿದ್ದಿರುವ ಪ್ರಕರಣದಲ್ಲಿ ಲಕ್ಷಣ ತಿರುಗುಮುರುಗು: ಸಂಪರ್ಕ ತಪ್ಪುವ ಬದಲು ಬೇಡದ ಸಂಪರ್ಕ ಏರ್ಪಡುತ್ತದೆ. ಒಂದು ಜಾಲದ ಎಆರ್‌ಪಿ ಇನ್ನೊಂದರಲ್ಲಿ ಕಾಣುತ್ತದೆ, ಐಪಿ ವಿಳಾಸ ನಕಲಾಗಿದೆ ಎಂಬ ದೂರುಗಳು ಬರುತ್ತವೆ, ಮ್ಯಾಕ್ ವಿಳಾಸಗಳು ಹೋಸ್ಟಿನಿಂದ ಹೋಸ್ಟಿಗೆ ಜಿಗಿಯುತ್ತವೆ. ಇಂಥಲ್ಲಿ ತಡಮಾಡದೆ ಎರಡರಲ್ಲಿ ಕಡಿಮೆ ಹೋಸ್ಟುಗಳಿಗೆ ಹರಡಿರುವ ಜಾಲದ ಕೀಯನ್ನು ಬದಲಿಸಬೇಕು.

ಲಿನಕ್ಸ್‌ನಲ್ಲಿ ಚಾಲ್ತಿಯಲ್ಲಿರುವ ವಿಎಕ್ಸ್‌ಲ್ಯಾನ್ ಸಾಧನದ ವಿಎನ್‌ಐಯನ್ನು ಬದಲಿಸಲು ಕರ್ನಲ್ ಬಿಡುವುದಿಲ್ಲ. ಸಾಧನವನ್ನು ಅಳಿಸಿ ಹೊಸದಾಗಿ ಸೃಷ್ಟಿಸಬೇಕು. ಅಳಿಸಿದಾಗ ಅದರ ಮೇಲಿನ ಸ್ಥಿರ ಎಫ್‌ಡಿಬಿ ನಮೂದುಗಳೂ ಬ್ರಿಡ್ಜ್ ಸದಸ್ಯತ್ವವೂ ಹೋಗುವುದರಿಂದ, ಅವನ್ನು ಮೊದಲೇ ಕಡತಕ್ಕೆ ಇಳಿಸಿಕೊಂಡಿರಬೇಕು. ಓವಿಎನ್‌ನಲ್ಲಾದರೆ ಕೋರಿಕೆಯನ್ನು ಬದಲಿಸಿದ ಬಳಿಕ, ಎಲ್ಲ ಹೈಪರ್‌ವೈಸರುಗಳೂ ಹೊಸ ಸ್ಥಿತಿಗೆ ಬರುವವರೆಗೆ ಕಾಯುವ ಸಿಂಕ್ ಆಜ್ಞೆಯನ್ನು ನಾರ್ತ್‌ಬೌಂಡ್ ಡೇಟಾಬೇಸಿನ ಆಜ್ಞಾ ಉಪಕರಣದಿಂದ ಕೊಡಬೇಕು; ಕೆಲವು ಹೋಸ್ಟುಗಳು ಹಳೆಯ ಕೀಯಲ್ಲಿ, ಕೆಲವು ಹೊಸದರಲ್ಲಿ ಇರುವ ಆ ನಡುವಿನ ಅವಧಿಯಲ್ಲಿ ಪ್ಯಾಕೆಟ್ ಕಳೆದುಹೋಗುವುದನ್ನು ತಪ್ಪಿಸಲಾಗದು, ಆದ್ದರಿಂದ ನಿರ್ವಹಣೆಯ ವೇಳೆಯಲ್ಲಿಯೇ ಇದನ್ನು ಮಾಡಬೇಕು.

ಬದಲಾವಣೆಯ ನಂತರ ಹೊಸ ಕೀ ಕಾಣುತ್ತಿದೆಯೇ ಎಂದು ನೋಡುವುದಕ್ಕಿಂತ ಹಳೆಯದು ಇನ್ನೂ ಕಾಣುತ್ತಿದೆಯೇ ಎಂದು ನೋಡುವುದು ಹೆಚ್ಚು ಫಲಕಾರಿ. ಯುಡಿಪಿ ಹೆಡರಿನ ಆರಂಭವನ್ನು ಸೊನ್ನೆ ಎಂದೆಣಿಸಿ 12ನೆಯ ಬೈಟಿನಿಂದ ನಾಲ್ಕು ಬೈಟ್‌ಗಳನ್ನು ತೆಗೆದುಕೊಂಡು, ಎಂಟು ಬಿಟ್ ಬಲಕ್ಕೆ ಸರಿಸಿ, ಹಳೆಯ ಕೀಗೆ ಸಮವೇ ಎಂದು ಕೇಳುವ ಫಿಲ್ಟರನ್ನು ಟಿಸಿಪಿಡಂಪ್‌ಗೆ ಕೊಟ್ಟರೆ ಸಾಕು. ವಿಎಕ್ಸ್‌ಲ್ಯಾನ್ ಮತ್ತು ಜಿನೀವ್ ಎರಡರಲ್ಲೂ ವಿಎನ್‌ಐ ಇರುವ ಜಾಗ ಒಂದೇ ಆಗಿರುವುದರಿಂದ ಪೋರ್ಟ್ ಸಂಖ್ಯೆಯನ್ನು 4789ರಿಂದ 6081ಕ್ಕೆ ಬದಲಿಸಿ ಇದೇ ಫಿಲ್ಟರನ್ನು ಎರಡಕ್ಕೂ ಬಳಸಬಹುದು. ಹೊರಗಿನ ಐಪಿವಿ6 ಹೆಡರ್ ಇದ್ದರೆ ಮಾತ್ರ ಲೆಕ್ಕವನ್ನು ಐಪಿವಿ6 ಹೆಡರಿನ ಆರಂಭದಿಂದ, ಅದರ 40 ಬೈಟ್‌ಗಳನ್ನು ಕೂಡಿಸಿಕೊಂಡು, 52ನೆಯ ಬೈಟಿನಿಂದ ಹಿಡಿಯಬೇಕು. ಒಂದೇ ಒಂದು ಪ್ಯಾಕೆಟ್ ಬಲೆಗೆ ಬಿದ್ದರೂ ಅದರ ಮೂಲ ಐಪಿ ವಿಳಾಸ ಯಾವ ಹೋಸ್ಟ್ ಹಿಂದುಳಿದಿದೆ ಎಂಬುದನ್ನು ಹೇಳುತ್ತದೆ.